ಸೊನ್ನೆಯ ತೂಕ: ಮಾದಕವ್ಯಸನ, ಕ್ಷಯ ಮತ್ತು 1989ರ ಬ್ರಾಂಕ್ಸ್ ಅಧ್ಯಯನ

ಮಾದಕವಸ್ತು ಬಳಸುವವರಲ್ಲಿ ಕ್ಷಯ ಹೆಚ್ಚು ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಇಕ್ಕಟ್ಟಿನ ವಸತಿ, ಸೆರೆವಾಸ, ಅಪೌಷ್ಟಿಕತೆ, ಎಚ್‌ಐವಿ, ಅರ್ಧಕ್ಕೇ ನಿಲ್ಲುವ ಚಿಕಿತ್ಸೆ: ಇವೆಲ್ಲ ಒಪ್ಪಿತ ಕಾರಣಗಳು. ಇವನ್ನೆಲ್ಲ ಕಳೆದರೂ ವ್ಯಸನಕ್ಕೇ ಸೇರಿದ ಅಪಾಯ ಒಂದಿಷ್ಟು ಉಳಿಯುತ್ತದೆಯೇ ಎಂಬಲ್ಲಿ ಮಾತ್ರ ತಕರಾರಿದೆ. ಏಡ್ಸ್ ಗುರುತಾಗುವ ಮೊದಲೇ, 1979ರಲ್ಲಿ, ಲೀ ರೀಚ್‌ಮನ್ ಮತ್ತು ಸಂಗಡಿಗರು ಅಂಥ ಸಾಧ್ಯತೆಯನ್ನು ಮುಂದಿಟ್ಟಿದ್ದರು. ಹತ್ತು ವರ್ಷದ ಬಳಿಕ ಪೀಟರ್ ಸೆಲ್ವಿನ್ ತಂಡ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆಸಿದ ಅಧ್ಯಯನ ಅದನ್ನು ತಳ್ಳಿಹಾಕಿದಂತೆ ಕಾಣುತ್ತದೆ.

ಮೆಥಡೋನ್ (ವ್ಯಸನಿಗಳಿಗೆ ಕೊಡುವ ಬದಲಿ ಮದ್ದು) ಚಿಕಿತ್ಸೆಯಲ್ಲಿದ್ದ 520 ಮಂದಿಯ ಪೈಕಿ ಎಚ್‌ಐವಿ ಇದ್ದ 217 ಜನರಲ್ಲಿ 8 ಮಂದಿಗೆ ಕ್ಷಯ ಬಂತು. ಇಲ್ಲದ 303 ಜನರಲ್ಲಿ ಒಬ್ಬರಿಗೂ ಇಲ್ಲ. ಹಾಗಾದರೆ ಎಲ್ಲವೂ ಎಚ್‌ಐವಿಯದೇ ಕೆಲಸವೇ? ಈ ಸೊನ್ನೆ ಅಷ್ಟು ಭಾರ ಹೊರಲಾರದು ಎಂಬುದು ನನ್ನ ವಾದ.

ಆ 303 ಜನರಲ್ಲಿ ಚರ್ಮಪರೀಕ್ಷೆಯಿಂದ ಕ್ಷಯದ ಸುಪ್ತ (ಇನ್ನೂ ರೋಗವಾಗದ) ಸೋಂಕು ಕಂಡಿದ್ದು 62 ಮಂದಿಯಲ್ಲಿ. ಎಚ್‌ಐವಿಯೂ ಸುಪ್ತ ಸೋಂಕೂ ಇದ್ದ 49 ಜನರಲ್ಲಿ 7 ರೋಗಿಗಳು, ಅಂದರೆ ನೂರು ವ್ಯಕ್ತಿ-ವರ್ಷಕ್ಕೆ 7.9. ಹಿಂದಕ್ಕೆ ಲೆಕ್ಕ ಹಾಕಿದರೆ ತಲಾ ಸುಮಾರು 1.8 ವರ್ಷದ ನಿಗಾ. 62 ಮಂದಿಗೂ ಅಷ್ಟೇ ಎಂದುಕೊಂಡರೆ (ಇದು ನನ್ನ ಊಹೆ) ಸುಮಾರು 112 ವ್ಯಕ್ತಿ-ವರ್ಷ. ಹಳೆಯ ಸೋಂಕು ರೋಗವಾಗುವ ಸಾಮಾನ್ಯ ದರ ನೂರು ವ್ಯಕ್ತಿ-ವರ್ಷಕ್ಕೆ ಸುಮಾರು 0.1. ವ್ಯಸನವು ಅದನ್ನು ಹತ್ತು ಪಟ್ಟು ಏರಿಸಿದ್ದರೂ ಈ ಗುಂಪಿನಲ್ಲಿ ನಿರೀಕ್ಷಿಸಬಹುದಾದದ್ದು ಒಬ್ಬರೇ ರೋಗಿ. ಆಗಲೂ ಸೊನ್ನೆ ಸಿಗುವ ಸಂಭವ ಮೂರರಲ್ಲೊಂದು. ಇದರಿಂದ ರೀಚ್‌ಮನ್ ಗೆದ್ದರೆಂದಲ್ಲ, ಅವರು ಸೋತಿಲ್ಲ ಅಷ್ಟೇ. ಅಲ್ಲದೆ ಮೆಥಡೋನ್ ಕೇಂದ್ರಕ್ಕೆ ತಪ್ಪದೆ ಬರುವವರ ಲೆಕ್ಕವನ್ನು ಬೀದಿಯಲ್ಲಿ ಉಳಿದವರಿಗೆ ಹಾಗೇ ಅನ್ವಯಿಸಲಾಗದು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಹೆಚ್ಚು ಮುಖ್ಯ. ಹೊಸದಾಗಿ ಸೋಂಕು ತಗುಲಿದವರು ಎಚ್‌ಐವಿ ಇದ್ದವರಲ್ಲಿ ಶೇ. 11, ಇಲ್ಲದವರಲ್ಲಿ ಶೇ. 13. ಎಚ್‌ಐವಿ ಚರ್ಮದ ಪ್ರತಿಕ್ರಿಯೆಯನ್ನು ಕುಗ್ಗಿಸುವುದರಿಂದ ಮೊದಲ ಅಂಕಿ ಕಡಿಮೆಯೇ ಇರಬಹುದು. ವ್ಯಸನಿಗಳಲ್ಲದವರ ಹೋಲಿಕೆಯೂ ಇಲ್ಲಿಲ್ಲ. ಆದರೂ ಸೋಂಕು ತಗುಲುವುದನ್ನೂ ಅದು ರೋಗವಾಗುವುದನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ಸ್ಪಷ್ಟ. ಎರಡನೆಯದು ಬಹುಪಾಲು ಎಚ್‌ಐವಿಯ ಕೈಯಲ್ಲಿದೆ. ಮೊದಲನೆಯದಕ್ಕೆ ಕಾರಣ, ಬಹುಶಃ, ಸೂಜಿಯೂ ಅಲ್ಲ, ಮದ್ದೂ ಅಲ್ಲ, ಒಟ್ಟಿಗೆ ಉಸಿರಾಡುವ ಗಾಳಿ. 2004ರಲ್ಲಿ ಸಿಯಾಟಲ್‌ನಲ್ಲಿ ಬೆಳಕಿಗೆ ಬಂದ 11 ಪ್ರಕರಣಗಳ ಸರಣಿಯಲ್ಲಿ ಗಾಜು ಏರಿಸಿದ ಕಾರಿನೊಳಗೆ ಗುಂಪಾಗಿ ಗಾಂಜಾ ಸೇದುತ್ತಿದ್ದುದನ್ನು ತನಿಖೆ ಗುರುತಿಸಿತು.

ಹೊಗೆಯೇ ಶ್ವಾಸಕೋಶದ ಕಾವಲನ್ನು ಸಡಿಲಿಸುತ್ತದೆಯೇ ಎಂಬುದು ಇದರಿಂದ ತೀರ್ಮಾನವಾಗದು. ಗಾಂಜಾ, ಕೊಕೇನ್ ಸೇದುವವರ ಶ್ವಾಸಕೋಶದ ಭಕ್ಷಕಕೋಶಗಳು ದುರ್ಬಲವಾಗಿರುವುದನ್ನು 1997ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ತೋರಿಸಿದ್ದಾರೆ. ಆದರೆ ಪ್ರಯೋಗಾಲಯದ ಆ ದೌರ್ಬಲ್ಯಕ್ಕೂ ಕಾಯಿಲೆ ಬೀಳುವುದಕ್ಕೂ ನಡುವೆ ದೂರವಿದೆ. ಒಂದೇ ಕೋಣೆಯಲ್ಲಿ ಕೂರುವ, ಎಚ್‌ಐವಿ ಇಲ್ಲದ ಸೇದುವವರನ್ನೂ ಸೇದದವರನ್ನೂ ಹಲವು ವರ್ಷ ಹಿಂಬಾಲಿಸದೆ ಅದನ್ನು ಅಳೆಯಲಾಗದು.