ಕೇರಿಗೆ ಪ್ಯಾಂಟು ಬಂದ ಕತೆ

ಇತಿಹಾಸದ ಪುಸ್ತಕಗಳಲ್ಲಿ ಹೊಯ್ಸಳ ದೊರೆಗಳ ಕಿರೀಟದ ವರ್ಣನೆ ಇದೆ, ಬೇಲೂರಿನ ಮದನಿಕೆಯರ ಸೊಂಟದ ಒಡವೆಯ ವರ್ಣನೆ ಇದೆ. ಹಾಸನ ಜಿಲ್ಲೆಯಲ್ಲಿ ಓದಿದ ನಮಗೆ ಇವೆಲ್ಲ ಬಾಯಿಪಾಠ. ಆದರೆ ಅದೇ ಜಿಲ್ಲೆಯ ಕೇರಿಗಳಿಗೆ ಪ್ಯಾಂಟು ಯಾವಾಗ ಬಂತು, ಯಾರು ಹೊಲಿದರು, ಹಾಕ್ಕೊಂಡವನಿಗೆ ಏನಾಯ್ತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮ್ಮಪ್ಪನ ಟ್ರಂಕಿನಲ್ಲಿ ಮಡಚಿಟ್ಟಿದ್ದ ಒಂದು ಬೆಲ್‌ಬಾಟಂಗೆ ಮಾತ್ರ.

ಅದು ಟೆರಿಕಾಟ್ ಬಟ್ಟೆ, ಕಾಫಿಪುಡಿ ಬಣ್ಣ. 1982ರಲ್ಲಿ ಅಪ್ಪ ಆಲೂಗಡ್ಡೆ ಕಿತ್ತ ಕೂಲಿಯಲ್ಲಿ ತಗೊಂಡದ್ದು. ನಮ್ಮ ತಾತ ಸಾಯೋವರೆಗೂ ಮಂಡಿಯಿಂದ ಕೆಳಗೆ ಬಟ್ಟೆ ಕಂಡವನಲ್ಲ. ಮಂಡಿ ಮೇಲೆ ಕಟ್ಟಿದ ಪಂಚೆ, ಹೆಗಲ ಮೇಲೊಂದು ಕಂಬಳಿ. ಗೌಡರ ಬೀದಿ ಬಂದರೆ ಹೆಗಲ ಬಟ್ಟೆ ಸೊಂಟಕ್ಕೆ ಇಳೀತಿತ್ತು, ಕಾಲಿನ ಎಕ್ಕಡ ಕೈಗೆ ಏರುತ್ತಿತ್ತು. ಅಂಥ ತಾತನ ಮಗ ಪ್ಯಾಂಟು ಹೊಲಿಸ್ತೀನಿ ಅಂತ ಪೇಟೆಗೆ ಹೋದ. ಅಲ್ಲಿ ದರ್ಜಿ ಬಟ್ಟೆ ಇಸ್ಕೊಂಡ, ದುಡ್ಡನ್ನೂ ಮುಂಗಡ ಇಸ್ಕೊಂಡ. ಅಳತೆಗೆ ಬಂದಾಗ "ಯಾವ ಊರ್ಲಾ, ಯಾರ ಮಗ?" ಅಂತ ಕೇಳಿದ. ಉತ್ತರ ಕೇಳಿಸಿಕೊಂಡು ಟೇಪನ್ನು ಮೇಜಿನ ಮೇಲಿಂದ ಎಸೆದ. "ನೀನೇ ಹಿಡ್ಕಂಡು ನಂಬರ್ ಹೇಳು."

ಗೆಳೆಯರೆ, ಯಾರಾದರೂ ಒಂದು ಸಲ ನಿಮ್ಮ ಸೀಟಿನ ಅಳತೆ ನೀವೇ ತೆಗೆದುಕೊಂಡು ನೋಡಿ. ಸೊಂಟ ಸಿಕ್ಕುತ್ತೆ. ಉದ್ದ ಬಗ್ಗಿದ್ರೆ ತಪ್ಪುತ್ತೆ, ನಿಂತರೆ ಟೇಪು ನೆಲ ಮುಟ್ಟಲ್ಲ. ಹಿಂಭಾಗದ ಅಳತೆ ಅಂತೂ ಸಿಕ್ಕೋದೇ ಇಲ್ಲ. ಅಪ್ಪನಿಗೂ ಸಿಗಲಿಲ್ಲ. ಬಾಯಿಗೆ ಬಂದ ನಂಬರ್ ಹೇಳಿದ. ಕೆಳಸುತ್ತು 26 ಇಂಚು ಇಟ್ಟ ಆ ಪ್ಯಾಂಟು ಸೀಟಿನಲ್ಲಿ ಮಾತ್ರ ಚರ್ಮಕ್ಕೆ ಅಂಟಿಕೊಂಡಿತ್ತು. ಮೊದಲ ದಿನವೇ ಗೌಡರ ಜಗಲಿ ಕೆಳಗೆ ಕೂಲಿ ಲೆಕ್ಕಕ್ಕೆ ಹೋದ. ನಮ್ಮವರು ಅಲ್ಲಿ ನಿಲ್ಲೋ ಹಾಗಿರಲಿಲ್ಲ, ಕುಕ್ಕರಗಾಲಲ್ಲಿ ಕೂರಬೇಕು. ಕೂತ. ಹೊಲಿಗೆ ಪರ್ರ್ ಅಂತ ಬಿಚ್ಚಿಕೊಂಡಿತು. ಜಗಲಿ ಮೇಲಿದ್ದವರೆಲ್ಲ ನಕ್ಕರು. "ಏನ್ಲಾ, ಕಾಲ್ಗೆ ಚೀಲ ಹಾಕ್ಕಂಡ್ ಬಂದಿದ್ದೆ, ಚೀಲದ ಬಾಯಿ ಮೇಲ್ಗಡೆ ಬಿಚ್ಕೊಂತಲ್ಲ" ಅಂದರಂತೆ. ಅಪ್ಪ ಆ ಪ್ಯಾಂಟನ್ನು ಮತ್ತೆ ಹಾಕಲಿಲ್ಲ. ಎಸೆಯಲೂ ಇಲ್ಲ.

ಇದು ಒಬ್ಬ ದರ್ಜಿಯ ಕೆಟ್ಟತನ ಅಂತ ನಾವು ಬಹಳ ದಿನ ಅಂದುಕೊಂಡಿದ್ದೆವು. 2001-02ರಲ್ಲಿ 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆ ಬಗ್ಗೆ ಸಮೀಕ್ಷೆ ಮಾಡಿದರು. 2006ರಲ್ಲಿ ಅದು ಪುಸ್ತಕವಾಗಿ ಬಂತು. ದಲಿತರ ಮೈ ಅಳತೆ ತೆಗೆಯಲು ದರ್ಜಿ ಒಪ್ಪದಿರುವುದು ಅದರಲ್ಲಿ ಒಂದು ಪ್ರತ್ಯೇಕ ಆಚರಣೆಯಾಗಿಯೇ ಪಟ್ಟಿಯಾಗಿದೆ. ಕ್ಷೌರದಂಗಡಿ, ಹೋಟೆಲಿನ ಲೋಟ, ದೇವಸ್ಥಾನದ ಬಾಗಿಲು ಇವುಗಳ ಸಾಲಿನಲ್ಲೇ ಅಳತೆ ಟೇಪು. ಇದನ್ನು ನೋಡಿದಾಗ ನಮಗೆ ಅಪ್ಪ ಒಂಟಿಯಲ್ಲ ಅನ್ನಿಸಿತು. ಸಮಾಧಾನವಾಗಲಿಲ್ಲ, ಸಿಟ್ಟು ಜಾಸ್ತಿಯಾಯಿತು.

ಬಟ್ಟೆಯ ವಿಚಾರದಲ್ಲಿ ಈ ಸಿಟ್ಟಿಗೆ ಇನ್ನೂ ಹಳೆಯ ಕಾರಣ ಇದೆ. 1800-01ರಲ್ಲಿ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನೇಕಾರರ ಜಾತಿಗಳನ್ನು ಬರೆಯುತ್ತಾ ಹೊಲೆಯರ ಹೆಸರನ್ನೂ ಬರೆದಿದ್ದಾನೆ. ಒರಟಾದ, ಗಟ್ಟಿಯಾದ ಬಿಳಿ ಬಟ್ಟೆ ನೇಯುವವರು ಇವರು. ರೈತಾಪಿ ಜನ ಉಡುತ್ತಿದ್ದದ್ದು ಅಂಥ ಬಟ್ಟೆಯನ್ನು. ಅಂದರೆ ನಾವು ಮುಟ್ಟಿದರೆ ಮೈಲಿಗೆ, ನಾವು ನೇಯ್ದದ್ದು ಮೈಮೇಲೆ! ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಊರಿಗೆಲ್ಲ ಬಟ್ಟೆ ಕೊಟ್ಟವರು ತಮ್ಮ ಮಂಡಿ ಮುಚ್ಚೋ ಹಾಗಿರಲಿಲ್ಲ. ಗಿರಣಿ ಬಟ್ಟೆ ಬಂದ ಮೇಲೆ ಆ ಮಗ್ಗಗಳೂ ಹೋದವು. ನಮ್ಮ ಕೇರಿಯಲ್ಲಿ ಇವತ್ತು ಮಗ್ಗದ ಒಂದು ಕಡ್ಡಿಯೂ ಇಲ್ಲ.

ಇನ್ನೊಂದು ದಾಖಲೆ ನೇರ ಹಾಸನದ್ದೇ. ಕ್ಯಾಪ್ಟನ್ ಮೆಕೆಂಜಿ ಎಂಬ ಮೈಸೂರು ಕಮಿಷನ್ನಿನ ಅಧಿಕಾರಿ 1873ರ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಹಾಸನ ಜಿಲ್ಲೆಯ ಹೊಲಗೇರಿಗಳ ಬಗ್ಗೆ ಬರೆದ. ಹೊಲಗೇರಿಯನ್ನು ಹಾಯ್ದು ಹೋದರೆ ಅದೃಷ್ಟ ಕುದುರುತ್ತೆ ಅಂತ ಬ್ರಾಹ್ಮಣರು ನಂಬಿದ್ದರಂತೆ. ಹೋದರೆ ತಮಗೆ ಕೇಡು ಅಂತ ಕೇರಿಯವರು ನಂಬಿದ್ದರಂತೆ. ಬ್ರಾಹ್ಮಣ ನುಗ್ಗಿದರೆ ಕೇರಿಗೆ ಕೇರಿಯೇ ಎದ್ದು ಎಕ್ಕಡದಲ್ಲಿ ಹೊಡೆದು ಓಡಿಸುತ್ತಿದ್ದರು. ಬೇರೆ ಜಾತಿಯವರು ಬಾಗಿಲವರೆಗೆ ಬರಬಹುದು, ಒಳಗೆ ಬರೋ ಹಾಗಿಲ್ಲ. ತಪ್ಪಿ ಒಳಗೆ ಬಂದರೆ ಮನೆಯವನು ಬಂದವನ ಬಟ್ಟೆ ಹರಿದು, ಅದರ ಒಂದು ಮೂಲೆಗೆ ಉಪ್ಪು ಕಟ್ಟಿ ಹೊರಕ್ಕೆ ದಬ್ಬುತ್ತಿದ್ದ. ಒಳಗೆ ಬಂದವನಿಗೆ ಸಿಗಬಹುದಾದ ಅದೃಷ್ಟ ಅದರಿಂದ ಕಳೆದುಹೋಗುತ್ತೆ, ಮನೆಯವನಿಗೆ ಬರಬೇಕಾದ ಕೇಡು ತಪ್ಪುತ್ತೆ ಅಂತ. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಹಾಸನದ ಮಾತನ್ನು ಎತ್ತಿ ತೋರಿಸಿದ್ದಾರೆ. ಅಸ್ಪೃಶ್ಯರೂ ಬ್ರಾಹ್ಮಣರನ್ನು ಮುಟ್ಟದೆ ದೂರ ಇಟ್ಟಿದ್ದರು ಅನ್ನೋದಕ್ಕೆ ಅದು ಸಾಕ್ಷಿ. ಹಾಸನದ ಲೈಬ್ರರಿಯಲ್ಲಿ ಇದನ್ನು ಓದಿದ ದಿನ ನಾವು ಬಸ್ ಹತ್ತದೆ ಸ್ವಲ್ಪ ದೂರ ನಡಕೊಂಡೇ ಹೋದೆವು. ನಮ್ಮವರು ಬಟ್ಟೆ ಹರಿಸಿಕೊಂಡದ್ದಷ್ಟೇ ಅಲ್ಲ, ಹರಿದೂ ಇದ್ದರು.

ಉಡುಪಿಗೆ ಕಟ್ಟಳೆ ಹಾಕುವುದು ನಮ್ಮ ಜಿಲ್ಲೆಗೆ ಮಾತ್ರ ಸೇರಿದ್ದಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಹೆಣದ ಬಟ್ಟೆಯನ್ನು ಗೊತ್ತುಮಾಡಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಳ ಕಾಲ ಹೊಡೆದಾಡಿ 1859ರಲ್ಲಿ ಅದನ್ನು ಪಡೆದರು. 1930ರ ಡಿಸೆಂಬರಿನಲ್ಲಿ ರಾಮನಾಥಪುರ ಸೀಮೆಯ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಗಂಡಸರ ಬಟ್ಟೆ ಮಂಡಿಯಿಂದ ಕೆಳಗೆ ಇಳಿಯಕೂಡದು, ಸೊಂಟದಿಂದ ಮೇಲೆ ಏರಕೂಡದು, ಕೋಟು, ಅಂಗಿ, ಬನಿಯನ್ ಕೂಡದು. 1931ರ ಜನಗಣತಿ ನಡೆಸಿದ ಹಟನ್ ಇದನ್ನು ಬರೆದಿಟ್ಟಿದ್ದಾನೆ. (ಅದು ತಮಿಳುನಾಡಿನ ರಾಮನಾಥಪುರ. ನಮ್ಮ ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರಾಮನಾಥಪುರ ಅಲ್ಲ. ನಮ್ಮದರಲ್ಲಿ ಬರೆದಿಟ್ಟ ನಿಷೇಧ ಬೇಕಾಗಿರಲಿಲ್ಲ, ಕಣ್ಣಲ್ಲಿ ನೋಡಿದರೆ ಸಾಕಿತ್ತು.) ಅರಕಲಗೂಡಿನ ನಮ್ಮ ಸೋದರಮಾವ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುತ್ತಿದ್ದವನು ಮೊದಲ ಪ್ಯಾಂಟು ಹಾಕಿದಾಗ ಊರೊಳಗೆ ಮಂಡಿವರೆಗೆ ಮಡಚಿಕೊಂಡು ನಡೆಯುತ್ತಿದ್ದನಂತೆ. ಬಸ್ ಸ್ಟಾಪಿನಲ್ಲಿ ಇಳಿಸಿಕೊಳ್ಳುತ್ತಿದ್ದ. ವಾಪಸ್ಸು ಬಂದಾಗ ಅದೇ ಸ್ಟಾಪಿನಲ್ಲಿ ಮತ್ತೆ ಮಡಚುತ್ತಿದ್ದ. ಅವನ ಪ್ಯಾಂಟಿನ ಮಂಡಿ ಹತ್ತಿರದ ಮಡಿಕೆಯ ಗೆರೆ ಇಸ್ತ್ರಿಗೂ ಹೋಗಲಿಲ್ಲ.

ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ಅಂಗಿ ಬಿಚ್ಚಿ ತುಂಡು ಪಂಚೆಗೆ ಬಂದರು. ಅಂಬೇಡ್ಕರ್ ಸೂಟು ಹಾಕಿದರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಸಂದರ್ಭದಲ್ಲಿ ಅವರು ಹೆಂಗಸರಿಗೂ ಸೀರೆಯನ್ನು ಮೇಲುಜಾತಿಯವರ ಹಾಗೆ ಉದ್ದವಾಗಿ ಉಡಿ, ನೋಡಿದ ಕೂಡಲೇ ಜಾತಿ ಗೊತ್ತಾಗೋ ಹಾಗೆ ಉಡಬೇಡಿ ಅಂದರು. ಬಿಚ್ಚುವವನಿಗೆ ಮೊದಲು ಇರಬೇಕಲ್ಲ. ನಮ್ಮ ತಾತ ಹುಟ್ಟಿನಿಂದ ತುಂಡು ಬಟ್ಟೆಯಲ್ಲೇ ಇದ್ದ, ಅವನನ್ನು ಯಾರೂ ಮಹಾತ್ಮ ಅನ್ನಲಿಲ್ಲ.

ಪ್ಯಾಂಟು ಪರದೇಶಿ ಉಡುಪು, ನಮ್ಮ ಸಂಸ್ಕೃತಿ ಅಲ್ಲ ಅನ್ನುವ ಪಂಡಿತರು ಈಗಲೂ ಇದ್ದಾರೆ. ಹಳಗನ್ನಡದಲ್ಲೇ ಚಲ್ಲಣ ಅನ್ನೋ ಮಾತಿದೆ. ಇಜಾರ, ಷರಾಯಿ, ಪೈಜಾಮ ಎಲ್ಲ ನೂರಾರು ವರ್ಷದಿಂದ ಕನ್ನಡದ ಕಾಲುಗಳಲ್ಲಿ ಓಡಾಡಿವೆ. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ದರ್ಜಿಯೇ ಇದ್ದ. ಪ್ರಪಂಚದಲ್ಲಿ ಸಿಕ್ಕಿರುವ ಅತಿ ಹಳೆಯ ಪ್ಯಾಂಟುಗಳಲ್ಲಿ ಒಂದು ಚೀನಾದ ಪಶ್ಚಿಮದ ತುರ್ಫಾನ್ ಸೀಮೆಯ ಯಾಂಗ್‌ಹಾಯ್ ಸ್ಮಶಾನದ್ದು, ಸುಮಾರು 3000 ವರ್ಷ ಹಿಂದಿನದು. ಉಣ್ಣೆಯದು. ಕುದುರೆ ಸವಾರನದ್ದು ಅನ್ನುತ್ತಾರೆ ವಿದ್ವಾಂಸರು. ಕತ್ತರಿ ಹಾಕದೆ ಎರಡು ಕಾಲನ್ನೂ ಬೇರೆ ಬೇರೆ ನೇಯ್ದು, ಕಾಲು ಕೂಡುವ ಜಾಗಕ್ಕೆ ಇನ್ನೊಂದು ತುಂಡು ನೇಯ್ದು ಸೇರಿಸಿದ್ದಾರೆ. ಕಾಲು ಅಗಲ ಮಾಡಿದರೆ ಹರಿಯಬಾರದಲ್ಲ. ಪ್ಯಾಂಟು ಹುಟ್ಟಿದ್ದೇ ಕುದುರೆ ಏರಲಿಕ್ಕೆ. ಈ ದೇಶದಲ್ಲಿ 2018ರ ಮಾರ್ಚಿಯಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಒಬ್ಬ ದಲಿತ ಯುವಕನ ಕೊಲೆಯಾಯಿತು. ಕುದುರೆ ಏರುತ್ತಿದ್ದ ಅನ್ನೋ ಹೊಟ್ಟೆಕಿಚ್ಚಿಗೇ ಕೊಂದರು ಅಂತ ಅವನ ತಂದೆ ಹೇಳಿದರು. ಅದೇ ರಾಜ್ಯದ ಬನಾಸಕಾಂಠಾದಲ್ಲಿ 2023ರಲ್ಲಿ ಒಬ್ಬನನ್ನು ಒಳ್ಳೆ ಬಟ್ಟೆ, ಕಪ್ಪು ಕನ್ನಡಕ ಹಾಕಿದ್ದಕ್ಕೆ ಹೊಡೆದರು ಅಂತ ದೂರು ದಾಖಲಾಯಿತು.

ಈಗ ಅಪ್ಪನ ಬೆಲ್‌ಬಾಟಂಗೆ ಬರೋಣ.

ನಮ್ಮವ್ವ ಓದಿದ್ದು ನಾಲ್ಕನೇ ಇಯತ್ತೆ. ತಾಲ್ಲೂಕಿನಲ್ಲಿ ಸರ್ಕಾರದವರು ನಡೆಸಿದ ಹೊಲಿಗೆ ತರಬೇತಿಗೆ ಹೋಗಿ ಒಂದು ಮಿಷನ್ ತಂದಳು. ಅದಕ್ಕೂ ಮುಂಚೆ ಕೇರಿಯಲ್ಲಿ ಯಾರ ಮನೆಯಲ್ಲೂ ಮಿಷನ್ ಇರಲಿಲ್ಲ. ಸಿಂಗರ್ 1851ರಲ್ಲೇ ಅಮೆರಿಕಾದಲ್ಲಿ ಪೇಟೆಂಟ್ ಪಡೆದ, ಉಷಾ 1930ರ ದಶಕದಲ್ಲೇ ಕಲ್ಕತ್ತೆಯಲ್ಲಿ ತಯಾರಾಗತೊಡಗಿತು. ನಮ್ಮ ಬಾಗಿಲಿಗೆ ಬರಲಿಕ್ಕೆ ಇಪ್ಪತ್ತೊಂದನೇ ಶತಮಾನವೇ ಬೇಕಾಯಿತು. ಬಂದ ಮೇಲೆ ಕೇರಿಯ ರವಿಕೆ, ಲಂಗ, ಹಾಸ್ಟೆಲ್ ಹುಡುಗರ ಚಡ್ಡಿ ಎಲ್ಲ ಅವ್ವನ ಕೈಗೆ ಬಂತು. ಅವಳು ಎಲ್ಲರ ಮೈ ಮುಟ್ಟಿ ಅಳತೆ ತೆಗೆದಳು.

ನಾವು ಹಾಸನಕ್ಕೆ ಡಿಗ್ರಿ ಓದಲು ಹೊರಟ ವರ್ಷ ಎಲ್ಲರ ಕಾಲಲ್ಲೂ ಬಿಗಿ ಪ್ಯಾಂಟು. ಅಂಗಡಿಯದ್ದಕ್ಕೆ ದುಡ್ಡಿಲ್ಲ. ಅವ್ವ ಟ್ರಂಕು ತೆಗೆದು ಬೆಲ್‌ಬಾಟಂ ಎತ್ತಿದಳು. ಟೆರಿಕಾಟ್‌ನ ಗುಣ ಅದು, ಮೂವತ್ತೈದು ವರ್ಷಕ್ಕೂ ಹುಳ ಮುಟ್ಟಿರಲಿಲ್ಲ. ಅಪ್ಪ ಬೇಡ ಅನ್ನಲಿಲ್ಲ. ಎದ್ದು ಹೊರಗೆ ಹೋದ.

ಅವ್ವ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿದಳು. ಒಳಮೈ ಹೊರಗೆ ಮಾಡಿ ನಮಗೆ ತೊಡಿಸಿ, ಮಂಡಿಯಿಂದ ಕೆಳಕ್ಕೆ ಪಿನ್ನು ಚುಚ್ಚುತ್ತಾ ಬಂದಳು. ಒಳಪಕ್ಕ ಎಷ್ಟು ಹಿಡಿದಳೋ ಹೊರಪಕ್ಕವೂ ಅಷ್ಟೇ. ಒಂದೇ ಪಕ್ಕ ಹಿಡಿದರೆ ತೊಳೆದ ಮೇಲೆ ಕಾಲು ತಿರುಚಿಕೊಳ್ಳುತ್ತೆ. ಸೋಪಿನ ಚೂರಿನಲ್ಲಿ ಗೆರೆ ಎಳೆದು ಕಚ್ಚಾ ಹೊಲಿಗೆ ಹಾಕಿದಳು. ಮೊದಲು ಕೆಳಸುತ್ತು 12 ಇಂಚು ಇಟ್ಟಳು. ಹಿಮ್ಮಡಿ ತೂರಲೇ ಇಲ್ಲ. ಪೇಟೆ ಹುಡುಗರ ಲೆಕ್ಕ ನಮ್ಮ ಪಾದಕ್ಕೆ ಆಗಲಿಲ್ಲ, ಬರಿಗಾಲಲ್ಲಿ ನಡೆದ ಪಾದ ಅಗಲ. ಬಿಚ್ಚಿ ಹದಿಮೂರೂವರೆ ಮಾಡಿದಳು.

ತೊಂದರೆ ಬಂದದ್ದು ಮೇಲೆ. ಬೆಲ್‌ಬಾಟಂ ಕೆಳಗೆ ಅಗಲ, ತೊಡೆಗೆ ಬಿಗಿ. ಅಪ್ಪ ಆಗ ಕೂಲಿ ಹುಡುಗ, ಕಡ್ಡಿ. ನಾವು ಹಾಸ್ಟೆಲ್ ಅನ್ನ ತಿಂದವರು. ಅದೂ ಅಲ್ಲದೆ ಹಳೆಯ ತಪ್ಪು ಅಳತೆ ಅಲ್ಲೇ ಕೂತಿತ್ತು. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕಾಲಿನ ಅಗಲದಿಂದ ಕತ್ತರಿಸಿ ಬಿದ್ದಿದ್ದ ಮೂರು ಮೂಲೆಯ ತುಂಡುಗಳನ್ನು ಆರಿಸಿ, ಎರಡನ್ನು ಬುಡಕ್ಕೆ ಬುಡ ಜೋಡಿಸಿ ನಾಲ್ಕು ಮೂಲೆ ಮಾಡಿ, ಕಾಲು ಕೂಡುವ ಜಾಗಕ್ಕೆ ಇಟ್ಟು ಹೊಲಿದಳು. 16 ನಂಬರ್ ಸೂಜಿ, ಸೀಟಿನ ಹೊಲಿಗೆ ಎರಡು ಸಲ. ಸೀಟಿನ ಒಳಗಡೆ ಒಂದು ಇಂಚು ಬಟ್ಟೆ ಉಳಿಸಿದಳು. ಯಾಂಗ್‌ಹಾಯ್‌ನ ಸವಾರನ ಸುದ್ದಿ ಅವ್ವನಿಗೆ ಯಾರೂ ಹೇಳಿರಲಿಲ್ಲ.

"ಕೂತ್ಕೊ" ಅಂದಳು. ನಿಂತು ನೋಡುವ ಕನ್ನಡಿ ನಮ್ಮ ಮನೆಯಲ್ಲಿ ಇರಲಿಲ್ಲ, ಪರೀಕ್ಷೆ ಕುಕ್ಕರಗಾಲಿನದ್ದೇ. ಕೂತೆವು. ಎದ್ದೆವು. ಮತ್ತೆ ಕೂತೆವು. ಹೊಲಿಗೆ ಸದ್ದು ಮಾಡಲಿಲ್ಲ. ಬಾಗಿಲಲ್ಲಿ ಅಪ್ಪ ಯಾವಾಗ ಬಂದು ನಿಂತಿದ್ದನೋ ಗೊತ್ತಿಲ್ಲ. "ಇನ್ನೊಂದ್ ಸಲ ಕೂರು ಮಗ" ಅಂದ.

ನಮ್ಮಕ್ಕ ಮದುವೆಗೆ ಮುಂಚೆ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಈಗ ಚನ್ನರಾಯಪಟ್ಟಣದ ಸೊಸೆ. ಅಲ್ಲಿ ದಿನಕ್ಕೆ ನೂರಾರು ಪ್ಯಾಂಟು ಅವಳ ಕೈಮೇಲೆ ಹೋಗುತ್ತಿತ್ತು, ಒಂದನ್ನೂ ಪೂರ್ತಿ ಹೊಲಿದವಳಲ್ಲ. ಒಬ್ಬಳಿಗೆ ಜಿಪ್ಪು, ಒಬ್ಬಳಿಗೆ ಲೂಪು, ಅವಳಿಗೆ ಬರೀ ಜೇಬು. ಯಾರ ಕಾಲಿಗೋ, ಯಾವ ದೇಶಕ್ಕೋ. 2016ರ ಏಪ್ರಿಲಿನಲ್ಲಿ ಪಿ.ಎಫ್. ಹಣ ತೆಗೆಯೋ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನಲ್ಲಿ ಇಂಥ ಸಾವಿರಾರು ಹೆಣ್ಣುಮಕ್ಕಳು ರಸ್ತೆಗೆ ಬಂದು ಊರನ್ನೇ ನಿಲ್ಲಿಸಿದರು. ದೆಹಲಿ ಸರ್ಕಾರ ಎರಡು ದಿನಕ್ಕೇ ಆ ನಿಯಮವನ್ನು ವಾಪಸ್ಸು ತಗೊಂಡಿತು. ಆ ಸುದ್ದಿ ಟೀವಿಯಲ್ಲಿ ಬಂದಾಗ ಅಕ್ಕ ಅನ್ನ ಬಿಟ್ಟು ಎದ್ದು ನಿಂತು ನೋಡಿದಳು.

ಆ ಪ್ಯಾಂಟು ಹಾಕಿಕೊಂಡು ನಾವು ಮೂರು ವರ್ಷ ಕಾಲೇಜಿಗೆ ಹೋದೆವು, ಅದರಲ್ಲೇ ಡಿಗ್ರಿ ಸರ್ಟಿಫಿಕೇಟು ಇಸ್ಕೊಂಡೆವು. ಮಂಡಿ ಹತ್ತಿರ ಈಗ ಬಣ್ಣ ಹೋಗಿದೆ. ಅವ್ವ ಒಳಗೆ ಉಳಿಸಿದ್ದ ಒಂದಿಂಚು ಬಟ್ಟೆ ಹಾಗೇ ಇದೆ. ದೀಪಾವಳಿಗೆ ಅದನ್ನು ಬಿಚ್ಚಿ ತಮ್ಮನ ಅಳತೆಗೆ ಮಾಡಬೇಕು ಅಂತಿದ್ದಾಳೆ. ಅವನ ಕಾಲು ನಮಗಿಂತ ಉದ್ದ, ಕೆಳಗೆ ಪಟ್ಟಿ ಸೇರಿಸಬೇಕು. ಮೂಲೆ ತುಂಡು ಇನ್ನೂ ಎರಡು ಉಳಿದಿವೆ.