ಗಂಜಿಗಾಗಿ ಅಲ್ಲ: ಒಂಗೋಲಿನ ಮಾದಿಗರ ಕತೆ

'ಗಂಜಿಗೆ ಜಾತಿ ಮಾರಿಕೊಂಡೋರು.' ಕ್ರೈಸ್ತರಾದ ಹೊಲೆಯ ಮಾದಿಗರನ್ನು ಕುರಿತು ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಊರ ಜಗಲಿ ಮೇಲೆ ಕೂತ ಗೌಡನೂ ಅಂತಾನೆ, ನಾಲ್ಕಕ್ಷರ ಕಲಿತ ಮೇಷ್ಟರೂ ಅಂತಾರೆ. ಒಮ್ಮೊಮ್ಮೆ ನಮ್ಮ ಚಳವಳಿಯ ಹುಡುಗರ ಬಾಯಲ್ಲೂ ಬಂದುಬಿಡುತ್ತದೆ. ಈ ಮಾತಿನ ಒಳಗಿರುವ ತಿರಸ್ಕಾರವನ್ನು ಸ್ವಲ್ಪ ಬಿಡಿಸಿ ನೋಡಿ. ಅಸ್ಪೃಶ್ಯನಿಗೆ ಹೊಟ್ಟೆ ಇದೆ, ತಲೆ ಇಲ್ಲ. ಅವನು ಯೋಚನೆ ಮಾಡಿ ಒಂದು ದೇವರನ್ನು ಬಿಟ್ಟು ಇನ್ನೊಂದು ದೇವರನ್ನು ಹಿಡಿಯಲಾರ. ಇದು ಅದರ ಅರ್ಥ. ಈ ಮಾತು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಲು ಒಂದು ಊರಿದೆ. ಅದು ಆಂಧ್ರದ ಒಂಗೋಲು.

ಅಲ್ಲಿನ ಕತೆ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗನಿಂದ ಶುರುವಾಗುತ್ತದೆ. ತಲಕೊಂಡಪಾಡಿನವನು. ತೊಗಲಿನ ಕೆಲಸ, ತೊಗಲಿನ ವ್ಯಾಪಾರ. ಆದರೆ ಈತ ಬರೀ ಚಪ್ಪಲಿ ಹೊಲಿದುಕೊಂಡು ಕೂತವನಲ್ಲ. ಮಿಷನರಿಯ ಮುಖ ನೋಡುವ ಮೊದಲೇ ಗುರುಗಳನ್ನು ಹುಡುಕಿಕೊಂಡು ಹೋಗಿ ರಾಜಯೋಗದ ದೀಕ್ಷೆ ತಗೊಂಡಿದ್ದ. ನಮ್ಮ ಕೈವಾರದ ತಾತಯ್ಯನ ಪದ ಹಾಡುವ ಕೇರಿಯ ಹಿರಿಯರನ್ನು ನೆನಪು ಮಾಡಿಕೊಳ್ಳಿ, ಅಂಥವನು ಪೇರಯ್ಯ. ದೇವರು ಒಬ್ಬನೇ ಆದರೆ ನಾನು ಯಾಕೆ ಮುಟ್ಟಬಾರದವನು? ಈ ಪ್ರಶ್ನೆ ಹೊತ್ತೇ ಆತ ಏಲೂರಿನ ಕಡೆ ವ್ಯಾಪಾರಕ್ಕೆ ಹೋಗಿದ್ದಾಗ ಯೇಸುವಿನ ಮಾತು ಕೇಳಿದ. 1866ರಲ್ಲಿ ಹೆಂಡತಿ ನಾಗಮ್ಮನ ಜೊತೆ ದೀಕ್ಷಾಸ್ನಾನ ಪಡೆದ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಒಂಗೋಲಿಗೆ ಬಂದು ನೆಲೆಸಿದ್ದೂ ಅದೇ ವರ್ಷ. 1867ರ ಜನವರಿ 1ರಂದು ಅಲ್ಲಿ ಸಭೆ ಸ್ಥಾಪನೆಯಾದಾಗ ಇದ್ದವರು 8 ಜನ. ಅದೇ ತಿಂಗಳು ಕ್ಲಫ್ ತಲಕೊಂಡಪಾಡಿಗೆ ಹೋದಾಗ ಪೇರಯ್ಯ ಆಗಲೇ ತನ್ನ ಜನಕ್ಕೆ ಹೇಳಿ ಇಟ್ಟಿದ್ದ. ಬುತ್ತಿ ಕಟ್ಟಿಕೊಂಡು ಹುಣಸೆ ತೋಪಿಗೆ ಬಂದವರಲ್ಲಿ 28 ಜನ ಕ್ರೈಸ್ತರಾದರು. ದಾರಿ ಮಾಡಿದವನು ಮಾದಿಗ, ದೊರೆ ಬಂದದ್ದು ಆಮೇಲೆ. ಇದನ್ನು ನಾವು ಮರೆಯಬಾರದು.

ಒಂಗೋಲಿನ ಮೇಲ್ಜಾತಿಯವರು ಇದನ್ನು ನೋಡಿ ಸುಮ್ಮನಿರಲಿಲ್ಲ. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಅಂದರು. ಮಿಷನ್ ಶಾಲೆಯಿಂದ ಹುಡುಗರನ್ನು ಬಿಡಿಸಿಕೊಂಡು ಹೋದರು. ಕ್ಲಫ್‌ಗೂ ಮನಸ್ಸು ಡೋಲಾಯಮಾನವಾಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಬೈಬಲ್ ತೆರೆದಾಗ ಇಬ್ಬರಿಗೂ ಪೌಲನ ಪತ್ರದ ಒಂದೇ ಭಾಗ ಕಂಡಿತಂತೆ. ಲೋಕ ಹೀನ ಅಂದವರನ್ನೇ ದೇವರು ಆರಿಸಿಕೊಂಡ ಅನ್ನುವ ಭಾಗ. ಮಿಷನ್ ಮಾದಿಗರ ಕಡೆ ನಿಂತಿತು.

ಇನ್ನು ಹಳ್ಳಿಗಳ ಕಡೆ ಬನ್ನಿ. ನಿಜವಾದ ಕಷ್ಟ ಇದ್ದದ್ದು ಅಲ್ಲಿ. ಕ್ರೈಸ್ತರಾದ ಮಾದಿಗರು ಮೂರು ವಿಷಯಕ್ಕೆ 'ಒಲ್ಲೆ' ಅಂದರು. ಸತ್ತ ದನದ ಮಾಂಸ ತಿನ್ನಲ್ಲ. ಊರ ದೇವರ ಜಾತ್ರೆಗೆ ತಮಟೆ ಬಡಿಯಲ್ಲ. ಭಾನುವಾರ ಕೆಲಸಕ್ಕೆ ಬರಲ್ಲ. ಓದುವವರಿಗೆ ಇದು ಧರ್ಮದ ವಿಚಾರ ಅನ್ನಿಸಬಹುದು. ಊರ ಕರಣಂಗೆ, ರೆಡ್ಡಿಗೆ ಹಾಗೆ ಅನ್ನಿಸಲಿಲ್ಲ. ಅವರಿಗೆ ಸರಿಯಾಗಿಯೇ ಅರ್ಥ ಆಯಿತು. ಏಳು ದಿನವೂ ಕರೆದ ಕಡೆ ಓಡಿ ಬರುತ್ತಿದ್ದ ಆಳು ಒಂದು ದಿನ ತನ್ನದು ಅಂದ. ಬಿಟ್ಟಿ ಚಾಕರಿಯ ಕಟ್ಟು ಅಲ್ಲಿಗೆ ಸಡಿಲವಾಯಿತು.

ಸೇಡು ಕೂಡಲೇ ಬಂತು. ಕುಂಬಾರ ಮಡಕೆ ಕೊಡಬಾರದು ಅಂತ ಕಟ್ಟಪ್ಪಣೆ ಆಯಿತು. ದನಗಳನ್ನು ಗೋಮಾಳದಿಂದ ಅಟ್ಟಿದರು. ಚಪ್ಪಲಿ, ಮಿಣಿ ಹೊಲಿಯುವ ಕೆಲಸ ನಿಲ್ಲಿಸಿದರು. ವರ್ಷವೆಲ್ಲ ದುಡಿದದ್ದಕ್ಕೆ ಕಣದಲ್ಲಿ ಸಿಗಬೇಕಾದ ಕಾಳು ಕೊಡಲಿಲ್ಲ. ಸುಳ್ಳು ದೂರು ಹೇಳಿ ಹಿಡಿಸಿದರು. ಇಂಥ ಬಹಿಷ್ಕಾರ ಎಂದರೆ ಏನು ಅಂತ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗಂಜಿ ಆಸೆಗೆ ಹೋದವನು ಇದ್ದ ಕಾಳನ್ನೂ ಕಳೆದುಕೊಂಡು ಯಾಕೆ ನಿಲ್ಲುತ್ತಾನೆ? ಇವರು ನಿಂತರು. ಬರ ಬರುವ ಮೊದಲಿನ ಹತ್ತು ವರ್ಷ ಅವರ ಸಂಖ್ಯೆ ಕಡಿಮೆಯಾಗಲಿಲ್ಲ, ಬೆಳೆಯಿತು.

ಆಮೇಲೆ 1876-78ರ ಬರ. ನಮ್ಮ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದೇ. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಬ್ರಿಟಿಷ್ ಸರ್ಕಾರ ಕಾಸಿನ ಲೆಕ್ಕ ಹಾಕುತ್ತಾ ಕೂತಿತ್ತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ ಪರಿಹಾರದ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ. ಅಷ್ಟು ತಿಂದು ಮಣ್ಣು ಹೊರಬೇಕು!

ಬಕಿಂಗ್‌ಹ್ಯಾಮ್ ಕಾಲುವೆಯ ಅಗೆತದಲ್ಲಿ ಕ್ಲಫ್ ಮೂರೂವರೆ ಮೈಲಿ ಕಂತ್ರಾಟು ಹಿಡಿದರು. ಮಿಷನರಿ ಆಗುವ ಮೊದಲು ಸರ್ವೆ ಕೆಲಸ ಮಾಡಿದ್ದವರು, ಅದು ಉಪಯೋಗಕ್ಕೆ ಬಂತು. ಬೇರೆ ಕಡೆ ಮೇಸ್ತ್ರಿಗಳು ಮೇಲ್ಜಾತಿಯವರು, ಮಾದಿಗರನ್ನು ಬೈದು ಬಡಿದು ಅಟ್ಟುತ್ತಿದ್ದರು. ಇಲ್ಲಿ ಮಾದಿಗ ಬೋಧಕರೇ ಮೇಲ್ವಿಚಾರಕರು. ಸಾವಿರಾರು ಜನ ಅಗೆದರು, ಕೂಲಿ ಪಡೆದರು, ಬದುಕಿದರು.

'ಗಂಜಿ'ಯ ಮಾತು ಆಡುವವರು ಇಲ್ಲಿ ಕಿವಿಗೊಡಬೇಕು. 1877ರ ಮಾರ್ಚಿನಿಂದ 1878ರ ಜೂನ್‌ವರೆಗೆ, ಹದಿನೈದು ತಿಂಗಳು, ಒಂಗೋಲಿನಲ್ಲಿ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಹೊಟ್ಟೆಪಾಡಿಗೆ ಬಂದರು ಅನ್ನುವ ಮಾತು ಬರಬಾರದು ಅಂತ ಮಿಷನ್ನೇ ಬಾಗಿಲು ಮುಚ್ಚಿತ್ತು. ಪರಿಹಾರ ಕೊಡುವುದು ನಿಂತಿತು, ಇನ್ನು ಕೊಡಲು ಏನೂ ಇಲ್ಲ ಅಂತ ತಿಳಿಸಿದರು. ಜನ ಚದುರಲಿಲ್ಲ. ನಮಗೆ ದುಡ್ಡು ಬೇಡ, ಕೈ ನೋಡಿ ಅಂತ ಬೊಬ್ಬೆ ಎದ್ದ ಅಂಗೈ ತೋರಿಸಿದರು. ಮುಂದಿನ ಬೆಳೆ ಕೈಕೊಟ್ಟರೆ ಸಾಯುತ್ತೇವೆ, ಸತ್ತರೆ ಕ್ರೈಸ್ತರಾಗಿ ಸಾಯುತ್ತೇವೆ ಅಂದರಂತೆ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ, ವೆಲ್ಲಂಪಲ್ಲಿಯ ಹತ್ತಿರ, ಒಂದೇ ದಿನ 2,222 ಜನ ನೀರಿಗಿಳಿದರು. ನೀರಿನಲ್ಲಿ ನಿಂತು ದೀಕ್ಷೆ ಕೊಟ್ಟವರು ಬಿಳಿಯರಲ್ಲ. ಆರು ಜನ ದೇಸಿ ಬೋಧಕರು, ಇಬ್ಬಿಬ್ಬರಂತೆ ಸರದಿಯಲ್ಲಿ. ಊರ ಬಾವಿ ಮುಟ್ಟುವ ಹಾಗಿರದ ಜನ ಒಂದಿಡೀ ಹೊಳೆಯನ್ನು ತಮ್ಮದು ಮಾಡಿಕೊಂಡ ದಿನ ಅದು.

ಈ ಕತೆ ನಮಗೆ ಸಿಕ್ಕಿರುವುದು ಹೆಚ್ಚಾಗಿ ಮಿಷನರಿಗಳ ಬರಹದಿಂದ. ಅವರು ತಮ್ಮ ಗೆಲುವಿನ ಲೆಕ್ಕ ಬರೆದರು, ಅದನ್ನು ಎಚ್ಚರದಿಂದ ಓದಬೇಕು. ಸಭೆ ಸೇರಿದ ಮಾತ್ರಕ್ಕೆ ಮಾದಿಗನಿಗೆ ಭೂಮಿ ಬರಲಿಲ್ಲ. ಮಾಲ ಮಾದಿಗರ ನಡುವಿನ ಗೋಡೆ ಚರ್ಚಿನ ಒಳಗೂ ಬಂತು. ತಮಿಳುನಾಡಿನಲ್ಲಿ ಸತ್ತವರಿಗೂ ಬೇರೆ ಬೇರೆ ಸ್ಮಶಾನ ಮಾಡಿದ ಸಭೆಗಳಿವೆ. ಯೇಸುವಿನ ಹೆಸರು ಹೇಳಿಕೊಂಡು ಜಾತಿ ಸಾಕಿದವರನ್ನೂ ನಾವು ಕೇಳಲೇಬೇಕು.

ಸರ್ಕಾರವನ್ನೂ ಕೇಳಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೆ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ದಲಿತ ಕ್ರೈಸ್ತನಿಗೆ, ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಕೊಡುವ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. ಮತ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ರುಜುವಾತು ಮಾಡಿಲ್ಲ ಅಂತ 1985ರಲ್ಲಿ ಅರ್ಜಿ ವಜಾ ಆಯಿತು. ಅದೇ ಉಳಿ, ಅದೇ ತೊಗಲು, ಅದೇ ರಸ್ತೆ ಬದಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ನಿರ್ಬಂಧ ತೆಗೆಯಿರಿ ಅಂತ ಶಿಫಾರಸು ಮಾಡಿತು. 2022ರಲ್ಲಿ ಮತ್ತೊಂದು ಆಯೋಗ ನೇಮಕವಾಯಿತು.

ಬಾಬಾಸಾಹೇಬರು 1956ರಲ್ಲಿ ಬುದ್ಧನ ದಾರಿ ಹಿಡಿದರು, ನಮ್ಮಲ್ಲಿ ಬಹಳ ಜನ ಅದೇ ದಾರಿಯವರು. ಪೇರಯ್ಯನ ದಾರಿ ಬೇರೆ ಇರಬಹುದು. ಆದರೆ ಅವನ ಜನ ಕಣದ ಕಾಳು ತಪ್ಪಿದರೂ ತಮಟೆ ಮುಟ್ಟಲಿಲ್ಲ. ನಮ್ಮ ಕೇರಿಗಳಲ್ಲೂ ಹೀಗೆ ನಿಂತವರ ಮೊಮ್ಮಕ್ಕಳು ಇದ್ದಾರೆ. ಹಳ್ಳಿಯ ಮೇಷ್ಟ್ರುಗಳೇ, ಹೋಗಿ ಅವರ ಅಜ್ಜ ಅಜ್ಜಿಯರ ಮಾತು ಬರೆದುಕೊಳ್ಳಿ. ಮತ್ತೆ ಯಾರಾದರೂ ಗಂಜಿಯ ಮಾತು ಎತ್ತಿದರೆ, ಆ ಹದಿನೈದು ತಿಂಗಳ ಲೆಕ್ಕ ಅವರ ಮುಂದೆ ಇಡಿ.