ಸಂಸ್ಥೆಗಳ ಕ್ಯಾಮೆರಾ, ಪ್ರೊಜೆಕ್ಟರ್, ಧ್ವನಿ ಸಾಧನಗಳು: ಜಾಲ ಸುರಕ್ಷತೆಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ತರಗತಿಯ ಪ್ರೊಜೆಕ್ಟರ್, ಆಸ್ಪತ್ರೆಯ ಕಾಯುವ ಕೊಠಡಿಯ ಟಿವಿ, ಸಭಾಭವನದ ಡಿಜಿಟಲ್ ಮಿಕ್ಸರ್, ಗೇಟಿನ ಮೇಲಿನ ಸಿಸಿಟಿವಿ ಕ್ಯಾಮೆರಾ ಇವನ್ನೆಲ್ಲ ನಾವು ಸಾಮಾನ್ಯವಾಗಿ ಫ್ಯಾನು, ಟ್ಯೂಬ್‌ಲೈಟುಗಳ ಸಾಲಿನಲ್ಲೇ ಸೇರಿಸುತ್ತೇವೆ. ಯಾರೋ ಬಂದು ಜೋಡಿಸಿ ಹೋಗುತ್ತಾರೆ, ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ನೆಟ್‌ವರ್ಕ್ ಕೇಬಲ್ ಅಥವಾ ವೈಫೈ ಮೂಲಕ ಜಾಲಕ್ಕೆ ಸೇರಿದ ಇವು ಪ್ರೊಸೆಸರ್, ತಂತ್ರಾಂಶ, ಪಾಸ್‌ವರ್ಡ್ ಎಲ್ಲವೂ ಇರುವ ಕಂಪ್ಯೂಟರುಗಳೇ. ಕಚೇರಿಯ ಕಂಪ್ಯೂಟರಿಗೆ ಪ್ರತಿವರ್ಷ ಆ್ಯಂಟಿವೈರಸ್ ಹಾಕಿಸುವ ಸಂಸ್ಥೆಯಲ್ಲೂ ಇವುಗಳ ಹೊಣೆ ಯಾರದೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಕಣ್ಣು ಕಿವಿಗಳಿರುವ ಕಂಪ್ಯೂಟರುಗಳು ಹೀಗೆ ವಾರಸುದಾರರಿಲ್ಲದೆ ಉಳಿಯುತ್ತವೆ.

ಗುಜರಾತಿನ ರಾಜ್‌ಕೋಟ್‌ನಲ್ಲಿ ನಡೆದ ಘಟನೆಯನ್ನು ಓದುಗರು ಮರೆತಿರಲಿಕ್ಕಿಲ್ಲ. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ವೈದ್ಯಕೀಯ ತಪಾಸಣೆಯ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಹರಿದಾಡಿ ಹಣಕ್ಕೆ ಮಾರಾಟವಾಗುತ್ತಿರುವುದು 2025ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಆಸ್ಪತ್ರೆಯ ಸಿಸಿಟಿವಿ ವ್ಯವಸ್ಥೆಗೆ ಇಂಟರ್ನೆಟ್ ಮೂಲಕ ನುಗ್ಗಿ ಅವನ್ನು ಕದಿಯಲಾಗಿತ್ತು. ಅಹಮದಾಬಾದ್ ಪೊಲೀಸರು ಮೊದಲಿಗೆ ಬಂಧಿಸಿದ ಮೂವರು ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶದಲ್ಲಿದ್ದವರು. ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕಿಂತ ಮೊದಲು, ಅಂಥ ಕೊಠಡಿಯಲ್ಲಿ ಕ್ಯಾಮೆರಾ ಏಕೆ ಇತ್ತು ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ರೋಗಿಗಳ ತಪಾಸಣೆ, ಆಪ್ತ ಸಮಾಲೋಚನೆ, ಹಾಸ್ಟೆಲ್ ಮಕ್ಕಳ ವಾಸ ಇವು ನಡೆಯುವ ಕೊಠಡಿಗಳಲ್ಲಿ ಕ್ಯಾಮೆರಾ ಇಲ್ಲದಿರುವುದೇ ಸುರಕ್ಷತೆ.

ಅಮೆರಿಕದ ಶಿಕಾಗೋ ನಗರದ ಸಮೀಪ ನಡೆದ ಪ್ರಕರಣ ಅಷ್ಟು ಕಹಿಯಾದುದಲ್ಲ. 2021ರ ಏಪ್ರಿಲ್ 30ರಂದು ಒಂದೇ ಆಡಳಿತಕ್ಕೆ ಸೇರಿದ ಆರು ಪ್ರೌಢಶಾಲೆಗಳ ಪ್ರೊಜೆಕ್ಟರುಗಳೂ ಟಿವಿಗಳೂ ತಾವಾಗಿಯೇ ಚಾಲೂ ಆಗಿ 1980ರ ದಶಕದ ಇಂಗ್ಲಿಷ್ ಪಾಪ್ ಗೀತೆಯೊಂದನ್ನು ಹಾಡತೊಡಗಿದವು. ಅದು ಅಲ್ಲಿನ ಕೆಲವು ವಿದ್ಯಾರ್ಥಿಗಳ ಕೀಟಲೆ. ವಿಡಿಯೊ ಹಂಚುವ ಸಾಧನಗಳಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಉಳಿದಿದ್ದರಿಂದ ಅವರಿಗೆ ದಾರಿ ಸಿಕ್ಕಿತ್ತು. ಪರೀಕ್ಷೆಗೆ ಅಡ್ಡಿಯಾಗದ ಸಮಯ ಆರಿಸಿಕೊಂಡ ಆ ಹುಡುಗರು, ಲೋಪಗಳನ್ನು ವಿವರಿಸುವ 26 ಪುಟಗಳ ವರದಿಯನ್ನೂ ಆಡಳಿತಕ್ಕೆ ಕಳುಹಿಸಿದರು. ಆಡಳಿತ ಶಿಕ್ಷೆ ಕೊಡದೆ ಧನ್ಯವಾದ ಹೇಳಿತು. ನಮ್ಮಲ್ಲಿ ಯಾರೂ ಇದನ್ನು ಪ್ರಯೋಗ ಮಾಡಿ ನೋಡುವುದು ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಕೀಟಲೆಗಳ ಬಗ್ಗೆ ಅಷ್ಟು ಸಹನೆಯಿಲ್ಲ.

ಇದೇ ಕಾರ್ಖಾನೆ ಪಾಸ್‌ವರ್ಡುಗಳನ್ನು 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಬಳಸಿಕೊಂಡಿತ್ತು. 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದುಕೊಂಡು ಅದು ಜಗತ್ತಿನ ಕ್ಯಾಮೆರಾ, ಡಿವಿಆರ್, ರೂಟರುಗಳ ಬಾಗಿಲು ತಟ್ಟಿತು, ತೆರೆದುಕೊಂಡವನ್ನೆಲ್ಲ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳು ಒಟ್ಟಾಗಿ ‘ಡಿನ್’ ಎಂಬ ಕಂಪನಿಯ ಮೇಲೆ ದಾಳಿ ಮಾಡಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಸೋಂಕು ತಗಲಿದ ಕ್ಯಾಮೆರಾದಲ್ಲೂ ಚಿತ್ರ ಎಂದಿನಂತೆ ಬರುವುದರಿಂದ ಮಾಲೀಕರಿಗೆ ಸಂಶಯವೇ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ಪುಸ್ತಕ ಹಿಡಿದು ಆವರಣವನ್ನೆಲ್ಲ ಸುತ್ತಿ ಪಟ್ಟಿ ಮಾಡಬೇಕು: ಯಾವ ಸಾಧನ, ಯಾವ ಮಾದರಿ, ಎಲ್ಲಿದೆ, ಯಾವ ಜಾಲದಲ್ಲಿದೆ, ಅದರ ಮುಖ್ಯ ಖಾತೆ ಯಾರ ಕೈಯಲ್ಲಿದೆ. ಕೊನೆಯ ಪ್ರಶ್ನೆಗೆ ಹಲವು ಕಡೆ ಅಚ್ಚರಿಯ ಉತ್ತರ ಸಿಗುತ್ತದೆ. ಕ್ಯಾಮೆರಾ ಅಳವಡಿಸಿದವರೇ ತಮ್ಮ ಮೊಬೈಲಿನಲ್ಲಿ ಖಾತೆ ತೆರೆದಿರುತ್ತಾರೆ. ಗುತ್ತಿಗೆ ಮುಗಿದು ವರ್ಷಗಳಾದರೂ ಆವರಣದ ದೃಶ್ಯ ಅಲ್ಲಿಗೆ ಹೋಗುತ್ತಲೇ ಇರುತ್ತದೆ. ಅವರ ಮೇಲೆ ಅಪನಂಬಿಕೆಯಿಂದ ನಾವು ಹೀಗೆ ಹೇಳುತ್ತಿಲ್ಲ. ಮೊಬೈಲ್ ಕಳೆದುಹೋಗಬಹುದು, ಕೈ ಬದಲಾಗಬಹುದು. ಖಾತೆ ಸಂಸ್ಥೆಯ ಹೆಸರಿನ ಇಮೇಲ್‌ನಲ್ಲಿರಲಿ. ಕೆಲಸ ಬಿಟ್ಟು ಹೋದವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು.

ಎರಡನೆಯದು ಬಾಗಿಲುಗಳ ವಿಷಯ. ಮನೆಯಿಂದಲೇ ಕ್ಯಾಮೆರಾ ನೋಡುವ ಆಸೆಯಿಂದ ರೂಟರಿನಲ್ಲಿ ‘ಪೋರ್ಟ್’ ತೆರೆದರೆ ಆ ದಾರಿ ಇಡೀ ಜಗತ್ತಿಗೆ ತೆರೆದಂತೆ. ರೂಟರಿನಲ್ಲಿ ‘ಯುಪಿಎನ್‌ಪಿ’ ಎಂಬ ಸೌಲಭ್ಯ ಚಾಲೂ ಇದ್ದರೆ ಸಾಧನ ಯಾರನ್ನೂ ಕೇಳದೆ ತಾನೇ ಹೀಗೆ ಮಾಡಬಲ್ಲುದು. ಅದನ್ನು ಬಂದ್ ಮಾಡಿ, ದೂರದಿಂದ ನೋಡಲೇಬೇಕಾದವರಿಗೆ ವಿಪಿಎನ್ ವ್ಯವಸ್ಥೆ ಮಾಡುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಪ್ರಯೋಜನ ಕೊಡುವುದು ಜಾಲವನ್ನು ಬೇರ್ಪಡಿಸುವ ಕೆಲಸ. ಶುಲ್ಕ ಪಡೆಯುವ, ರೋಗಿಗಳ ದಾಖಲೆ ಇಡುವ ಕಂಪ್ಯೂಟರುಗಳೂ ಪ್ರೊಜೆಕ್ಟರುಗಳೂ ಅತಿಥಿಗಳ ವೈಫೈಯೂ ಒಂದೇ ಜಾಲದಲ್ಲಿದ್ದರೆ, ಯಾವುದಾದರೂ ಒಂದು ಸಾಧನದ ಬೀಗ ಮುರಿದವನು ಉಳಿದವುಗಳತ್ತ ನಡೆಯಬಹುದು. ಸಾಮಾನ್ಯ ಬೆಲೆಯ ‘ಮ್ಯಾನೇಜ್ಡ್’ ಸ್ವಿಚ್‌ನಿಂದಲೇ ಇವನ್ನು ‘ವಿಎಲ್ಎಎನ್’ ಎಂಬ ಪ್ರತ್ಯೇಕ ಭಾಗಗಳಾಗಿ ವಿಂಗಡಿಸಬಹುದು. ಹೊಸ ಕೇಬಲ್ ಎಳೆಯಬೇಕಿಲ್ಲ. ಭಾಗಗಳ ನಡುವೆ ಏನು ಹಾದುಹೋಗಬಹುದು ಎಂಬುದನ್ನು ಮಾತ್ರ ಫೈರ್‌ವಾಲ್‌ನಲ್ಲಿ ನಿಗದಿಪಡಿಸಬೇಕು. ಇದರಿಂದ ಇನ್ನೊಂದು ಲಾಭವಿದೆ: ನೆಟ್‌ವರ್ಕ್ ಮೂಲಕ ಧ್ವನಿ ಸಾಗಿಸುವ ‘ದಾಂತೆ’ಯಂಥ ವ್ಯವಸ್ಥೆಗಳು ಬೇರೆ ದಟ್ಟಣೆಯಿಲ್ಲದ ಜಾಲದಲ್ಲಿ ನಿರಾತಂಕವಾಗಿ ಕೆಲಸ ಮಾಡುತ್ತವೆ. ಸುರಕ್ಷತೆಯ ಮಾತಿಗೆ ಕಿವಿಗೊಡದ ಧ್ವನಿವರ್ಧಕದವರು ಈ ಮಾತಿಗೆ ಒಪ್ಪಬಹುದು.

ದೊಡ್ಡ ಹೆಸರಿನ ಸಾಧನ ಕೊಂಡಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಲ್ಯಾಪ್‌ಟಾಪ್‌ನ ಚಿತ್ರವನ್ನು ತಂತಿಯಿಲ್ಲದೆ ಪರದೆಗೆ ಕಳುಹಿಸುವ ಕ್ರೆಸ್ಟ್ರಾನ್ ಸಾಧನವೊಂದರಲ್ಲಿ 2019ರಲ್ಲಿ ಟೆನೆಬಲ್ ಸಂಸ್ಥೆ ಗಂಭೀರ ಲೋಪಗಳನ್ನು ಪತ್ತೆಹಚ್ಚಿತು. ಬಾರ್ಕೊ, ಇನ್‌ಫೋಕಸ್, ಆಪ್ಟೋಮಾ ಮೊದಲಾದ ಹೆಸರುಗಳ ಕೆಲವು ಸಾಧನಗಳಲ್ಲೂ ಅದೇ ಮೂಲದ ತಂತ್ರಾಂಶ ಇದ್ದುದು ಆಗ ತಿಳಿಯಿತು. ಆದ್ದರಿಂದ ಖರೀದಿಸುವಾಗಲೇ ಎಷ್ಟು ವರ್ಷ ತಂತ್ರಾಂಶದ ಪರಿಷ್ಕರಣೆ ಸಿಗುತ್ತದೆಂದು ಬರವಣಿಗೆಯಲ್ಲಿ ಕೇಳಬೇಕು. ಪರಿಷ್ಕರಣೆ ನಿಂತುಹೋದ ಸಾಧನ ಚೆನ್ನಾಗಿ ಓಡುತ್ತಿದ್ದರೂ ಅದನ್ನು ಇಂಟರ್ನೆಟ್‌ನಿಂದ ದೂರವಿಡಬೇಕು.

ಕಾನೂನಿನ ಕಡೆಯೂ ಗಮನ ಬೇಕು. ಕೇಂದ್ರ ಸರಕಾರದ ‘ಸರ್ಟ್-ಇನ್’ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದರ ವ್ಯಾಪ್ತಿಗೆ ಬರುವ ಸಂಸ್ಥೆಗಳು ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ವ್ಯವಸ್ಥೆಯ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಇಂಟರ್ನೆಟ್‌ಗೆ ಜೋಡಿಸಿದ ಸಾಧನಗಳ ಮೇಲಿನ ದಾಳಿಯೂ ಅದರ ಪಟ್ಟಿಯಲ್ಲಿದೆ. ಡಿವಿಆರ್‌ನ ಗಡಿಯಾರ ತಪ್ಪು ತೋರಿಸುತ್ತಿದ್ದರೆ ಅದರ ದಾಖಲೆಯಿಂದ ಘಟನೆಯ ಸಮಯ ಹೇಳುವುದು ಕಷ್ಟ. ಪಟ್ಟಿ ಮಾಡಲು ಹೊರಟಾಗ ಅದನ್ನೂ ಸರಿಪಡಿಸಿಬಿಡಬಹುದು.